ಉಕ್ಕಿನ ಮೇಲಿನ ಹೆಸರು

ಡರ್ಬಿ, 2 ಜೂನ್ 2024, ಭಾನುವಾರ

ಬೆಳಗ್ಗೆ ಏಳಕ್ಕೆ ಮೊದಲೇ ಅಳಿಯ ಕಾರು ತೆಗೆದ. ಊರಾಚೆಯ ಹುಲ್ಲುಗಾವಲಿನಲ್ಲಿ ಕಾರ್ ಬೂಟ್ ಸೇಲ್. ಇಲ್ಲಿನವರು ಮನೆಯಲ್ಲಿ ಬೇಡವಾದದ್ದನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಬಂದು, ಎದುರಿಗೊಂದು ಮಡಚುವ ಮೇಜು ಹಾಕಿ ಮಾರಲು ಕೂರುತ್ತಾರೆ. ಪಿಂಗಾಣಿ ಬಟ್ಟಲು, ಆಟಿಕೆ, ಹಳೆಯ ಗ್ರಾಮಫೋನ್ ತಟ್ಟೆ. ನನಗೆ ಬೇಕಾದದ್ದು ಮೇಜಿನ ಮೇಲೆ ಇರುವುದಿಲ್ಲ. ಅದು ಕೆಳಗೆ ಒದ್ದೆ ಹುಲ್ಲಿನಲ್ಲಿ, ಬಣ್ಣ ಮೆತ್ತಿದ ಬಕೆಟ್ಟಿನೊಳಗೆ, ತುಕ್ಕು ಹಿಡಿದ ಸ್ಪ್ಯಾನರುಗಳ ಜೊತೆ ಬಾಯಿ ಕೆಳಗಾಗಿ ನಿಂತಿರುತ್ತದೆ. ಹಿಡಿಯ ತುದಿ ಕಂಡರೆ ಸಾಕು.

ಐಟಿಐಯಲ್ಲಿ ಮರಗೆಲಸದ ಹುಡುಗರಿಗೆ ವರ್ಷವರ್ಷವೂ ಹೇಳುತ್ತಿದ್ದುದನ್ನೇ ಇವತ್ತು ಮಾಡಿದೆ. ಮೊದಲು ಉಳಿಯ ಬೆನ್ನು ನೋಡಬೇಕು. ಚಪ್ಪಟೆ ಬೆನ್ನಿನಲ್ಲಿ, ಬಾಯಿಯ ಹತ್ತಿರ ತುಕ್ಕು ಗುಳಿ ತೋಡಿದ್ದರೆ ಅದನ್ನು ಎಷ್ಟು ಸಾಣೆ ಹಿಡಿದರೂ ಅಂಚು ನಿಲ್ಲುವುದಿಲ್ಲ. ಮೇಲ್ಗಡೆ, ಹಿಡಿಯ ಕಡೆ, ಎಷ್ಟು ತುಕ್ಕಿದ್ದರೂ ಚಿಂತೆಯಿಲ್ಲ. ಆಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿದರೆ ತಿರುಚಿದ್ದು, ಬಾಗಿದ್ದು ಗೊತ್ತಾಗುತ್ತದೆ.

ಒಂದು ಬಕೆಟ್ಟಿನಿಂದ ಅರ್ಧ ಇಂಚಿನ ಮಾರ್ಟಿಸ್ ಉಳಿ ಬಂತು. ಬೀಚ್ ಮರದ ದಪ್ಪ ಹಿಡಿ, ಹಿಡಿಗೂ ಕಬ್ಬಿಣದ ಅಲಗಿಗೂ ನಡುವೆ ಕೊಡತಿಯ ಪೆಟ್ಟು ತಾಳಲೆಂದು ತೊಗಲಿನ ಬಿಲ್ಲೆ. ಹೆಬ್ಬೆರಳಿನಿಂದ ಉಜ್ಜಿದಾಗ ಅಕ್ಷರ ಮೂಡಿತು: ವಿಲಿಯಂ ಮಾರ್ಪಲ್ಸ್ ಅಂಡ್ ಸನ್ಸ್, ಶೆಫೀಲ್ಡ್. ಪಕ್ಕದಲ್ಲಿ ಮೂರೆಲೆಯ ಶ್ಯಾಮ್ರಾಕ್. ಇನ್ನೊಂದು ತೆಳು ಉಳಿಯ ಮೇಲೆ ‘ಕಾಸ್ಟ್ ಸ್ಟೀಲ್’ ಎಂಬ ಅಚ್ಚು. ಹಾಗಿದ್ದರೆ ಅದು ಮೂಸೆಯಲ್ಲಿ ಕರಗಿಸಿದ ಉಕ್ಕು, ಹಳೆಯ ಕಾಲದ್ದು. ಒಂದೊಂದಕ್ಕೆ ಎರಡು ಪೌಂಡ್. ಆ ಬೆಲೆಗೆ ಇಲ್ಲಿ ಒಂದು ಲೋಟ ಕಾಫಿಯೂ ಬರುವುದಿಲ್ಲ.

ಆಚೆ ಸಾಲಿನಲ್ಲಿ ಒಬ್ಬ ವೃದ್ಧರು ಮರದ ಹತ್ತರಿಗಳನ್ನು ಇಟ್ಟುಕೊಂಡು ಕೂತಿದ್ದರು. ಅವರ ತಂದೆ ಇಲ್ಲಿನ ರೈಲ್ವೆ ಕ್ಯಾರೇಜ್ ಕಾರ್ಖಾನೆಯಲ್ಲಿ ಬಡಗಿ. ಬೋಗಿಗಳೆಲ್ಲ ಮರದ್ದಾಗಿದ್ದ ಕಾಲ. ಮಗ ಆ ಕಸುಬಿಗೆ ಹೋಗಲಿಲ್ಲ, ಮೊಮ್ಮಕ್ಕಳಿಗೆ ಇದು ಏನೆಂದೇ ಗೊತ್ತಿಲ್ಲ. ನಾನು ಒಂದು ಹತ್ತರಿಯ ಬೆಣೆ ಬಿಚ್ಚಿ, ಅಲಗು ಹೊರತೆಗೆದು, ಮತ್ತೆ ಕೂರಿಸಿದ್ದನ್ನು ಅವರು ಸುಮ್ಮನೆ ನೋಡುತ್ತಿದ್ದರು. ಹದಿನೈದು ಅಂದಿದ್ದವರು ತಾವಾಗಿಯೇ ಐದಕ್ಕೆ ಇಳಿಸಿದರು. ನಾನು ಚೌಕಾಸಿ ಮಾಡಿರಲಿಲ್ಲ.

4 ಜೂನ್, ಮಂಗಳವಾರ

ಮಳೆ. ಮಗಳ ಗ್ಯಾರೇಜಿನಲ್ಲಿ ಸೀಮೆಎಣ್ಣೆ, ಉಕ್ಕಿನ ನಾರು, ಹಳೇ ಟವಲು. ಹತ್ತರಿಯ ಮುಖ ಸ್ವಚ್ಛವಾಗುತ್ತಿದ್ದಂತೆ ಹೆಸರುಗಳು ಎದ್ದು ಬಂದವು. ನಡುವೆ ದೊಡ್ಡದಾಗಿ ಮಾಡಿದವರದು: ವಾರ್ವಿಲ್ ಅಂಡ್ ಸನ್ಸ್, ಈಬರ್ ವರ್ಕ್ಸ್, ಯಾರ್ಕ್. ಅದರ ಸುತ್ತ ಬಳಸಿದವರದು. ಒಬ್ಬನದು ಗರಗಸದ ಹಲ್ಲಿನಂಥ ಅಂಚಿನೊಳಗಿನ ದಪ್ಪ ಅಕ್ಷರ. ಇನ್ನೊಬ್ಬನದು ಬರೀ ಅಕ್ಷರ, ಒಂದೇ ಜಾಗದಲ್ಲಿ ಎರಡು ಸಲ ಹೊಡೆದದ್ದರಿಂದ ನೆರಳು ಬಿದ್ದಂತಿದೆ. ಮೂರನೆಯದರಲ್ಲಿ ಇನಿಷಿಯಲ್ ಮಾತ್ರ. ಕೊನೆಯವನು ರೈಲ್ವೆಯ ಆ ತಂದೆಯೇ ಇರಬೇಕು.

ಇದು ಅಲಂಕಾರಕ್ಕೆ ಹಾಕಿದ್ದಲ್ಲ. ಕಾರ್ಖಾನೆಯ ಬೆಂಚಿನ ಮೇಲೆ ಒಂದೇ ಥರದ ಹತ್ತು ಹತ್ತರಿ ಇದ್ದಾಗ ನನ್ನದು ಯಾವುದು ಎಂದು ಗುರುತಿಸಬೇಕಿತ್ತು. ಇಂಗ್ಲಿಷ್ ಕುಶಲಕರ್ಮಿ ತನ್ನ ಹತ್ಯಾರು ತಾನೇ ಕೊಳ್ಳಬೇಕಿತ್ತು, ಕಳೆದುಕೊಂಡರೆ ಕೆಲಸವೂ ಹೋಯಿತು. ಅವನು ಸತ್ತ ಮೇಲೆ ಅಥವಾ ಕೈ ಸೋತ ಮೇಲೆ ಅದನ್ನು ಕೊಂಡವನು ಹಳೆಯ ಹೆಸರನ್ನು ಕೆತ್ತಿ ತೆಗೆಯುತ್ತಿರಲಿಲ್ಲ. ಪಕ್ಕದಲ್ಲಿ ತನ್ನದನ್ನು ಹೊಡೆಯುತ್ತಿದ್ದ. ಆ ಮರ್ಯಾದೆ ನನಗೆ ತುಂಬ ಹಿಡಿಸಿತು.

ಅಲಗಿನ ಸಾಣೆ ಹಿಡಿದ ಇಳುಕಲಿನಲ್ಲಿ ಒಂದು ಗೆರೆ ಕಾಣುತ್ತದೆ. ಗೆರೆಯ ಒಂದು ಕಡೆ ಮೆತ್ತನೆಯ ಕಬ್ಬಿಣ, ಇನ್ನೊಂದು ಕಡೆ ಗಟ್ಟಿ ಉಕ್ಕಿನ ತೆಳು ಪದರ. ಉಕ್ಕು ದುಬಾರಿ, ಆದ್ದರಿಂದ ಅಂಚಿಗೆ ಮಾತ್ರ. ಕಬ್ಬಿಣದ ಬೆನ್ನು ಪೆಟ್ಟು ತಾಳುತ್ತದೆ, ಉಕ್ಕು ಕತ್ತರಿಸುತ್ತದೆ. ಸಾಣೆ ಹಿಡಿಯುವವನಿಗೂ ಲಾಭ, ಕಲ್ಲಿಗೆ ಸಿಗುವ ಗಟ್ಟಿ ಲೋಹ ಅಷ್ಟೇ ಕಡಿಮೆ. ಅರ್ಧ ಗಂಟೆಯಲ್ಲಿ ತೋಳಿನ ರೋಮ ಬೋಳಿಸುವಷ್ಟು ಹರಿತವಾಯಿತು. ಅಳಿಯ ತಂದ ಪೈನ್ ಹಲಗೆಯ ಮೇಲೆ ನೂಕಿದೆ, ಸಿಪ್ಪೆ ಸುರುಳಿಯಾಗಿ ಕೈಮೇಲೆ ಹರಿಯಿತು. ನಮ್ಮಲ್ಲಿ ದೊಡ್ಡ ಹತ್ತರಿಗೆ ಮುಂದೆ ಅಡ್ಡಹಿಡಿ ಇರುತ್ತದೆ, ಒಬ್ಬ ನೂಕಿದರೆ ಎದುರಿನವನು ಎಳೆಯುತ್ತಾನೆ. ಇವರದು ಒಂಟಿ ಕೆಲಸ. ಎತ್ತರದ ಬೆಂಚು, ನಿಂತ ಮೈ, ಸೊಂಟದಿಂದ ಬರುವ ಬಲ.

ಶೆಫೀಲ್ಡ್, 8 ಜೂನ್, ಶನಿವಾರ

ರೈಲಿನಲ್ಲಿ ಅರ್ಧ ಗಂಟೆ. ನನ್ನ ಪ್ರಾಯದ ಯಾವ ಬಡಗಿಗೂ ಈ ಊರಿನ ಹೆಸರು ಗೊತ್ತು. ನಮ್ಮ ಐಟಿಐಯ ಹಳೇ ಕಪಾಟಿನಲ್ಲಿದ್ದ ನೀಲಿ ಬಣ್ಣದ ರೆಕಾರ್ಡ್ ಕಂಪನಿಯ ಹತ್ತರಿ, ಸ್ಪಿಯರ್ ಅಂಡ್ ಜಾಕ್ಸನ್ ಗರಗಸ, ಎಲ್ಲ ಇಲ್ಲಿಂದ ಬಂದದ್ದೇ.

ಕೆಲ್ಹಮ್ ಐಲೆಂಡ್ ವಸ್ತುಸಂಗ್ರಹಾಲಯದ ಬಾಗಿಲಲ್ಲಿ 1905ರ ರಿವರ್ ಡಾನ್ ಎಂಜಿನ್ ನಿಂತಿದೆ, 12,000 ಅಶ್ವಶಕ್ತಿಯದು, ಯುದ್ಧನೌಕೆಗಳ ಕವಚದ ತಗಡು ಉರುಳಿಸುತ್ತಿದ್ದದ್ದು. ಜನ ಅದರ ಮುಂದೆ ಕಿಕ್ಕಿರಿದಿದ್ದರು. ನಾನು ನೇರ ಹಾಲಿ ಗ್ಯಾಲರಿಗೆ ನಡೆದೆ.

ಕೆನ್ ಹಾಲಿ (1927–2014) ಈ ಊರಿನಲ್ಲಿ ಹತ್ಯಾರಿನ ಅಂಗಡಿ ಇಟ್ಟಿದ್ದವರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ ಅವರು ಹೋಗಿ ಉಳಿದದ್ದನ್ನು ಬಾಚಿ ತಂದರು. ಅವರ ಜಾಣತನ ಎಲ್ಲಿದೆ ಎಂದರೆ, ಮುಗಿದ ಉಳಿಯನ್ನು ಮಾತ್ರ ತರಲಿಲ್ಲ. ಅರ್ಧ ಬಡಿದ ಉಳಿ, ಹಲ್ಲು ಹಾಕದ ಗರಗಸ, ಕಡಿಯುವ ಮುಂಚಿನ ಅರ, ಬೆಲೆಪಟ್ಟಿ, ಆ ಹತ್ಯಾರನ್ನು ಮಾಡುವ ಹತ್ಯಾರು, ಎಲ್ಲ ತಂದರು. ಕಬ್ಬಿಣದ ಸರಳಿನಿಂದ ಕತ್ತರಿಯವರೆಗಿನ ಹಂತಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದಾರೆ. ನನ್ನ ಹುಡುಗರಿಗೆ ಇಂಥದೊಂದು ಹಲಗೆ ಇದ್ದಿದ್ದರೆ ಎಷ್ಟೋ ಪಾಠ ಉಳಿಯುತ್ತಿತ್ತು.

ಅರ ಕಡಿಯುವವರ ಮೂಲೆಯಲ್ಲಿ ಬಹಳ ಹೊತ್ತು ನಿಂತೆ. ಅರದ ಒಂದೊಂದು ಹಲ್ಲನ್ನೂ ಸುತ್ತಿಗೆ, ಉಳಿಯಿಂದ ಕೈಯಲ್ಲೇ ಎಬ್ಬಿಸುತ್ತಿದ್ದರು, ಕಣ್ಣಳತೆಗಿಂತ ಬೆರಳಳತೆಯಲ್ಲಿ. ಒಂದು ಮುಖ ಕಡಿದಾದ ಮೇಲೆ ತಿರುಗಿಸಿದಾಗ ಹೊಸ ಹಲ್ಲು ಜಜ್ಜಿಹೋಗದಂತೆ ಕೆಳಗೆ ಸೀಸದ ಹಾಸು. ಆ ಸೀಸದ ಪುಡಿ ಕೈಗೆ, ಕೈಯಿಂದ ರೊಟ್ಟಿಗೆ, ಹೊಟ್ಟೆಗೆ. ಮಣಿಕಟ್ಟು ಜೋಲುತ್ತಿತ್ತು, ಆಯುಷ್ಯ ಕುಗ್ಗುತ್ತಿತ್ತು. ಸಾಣೆ ಹಿಡಿಯುವವರ ಕಥೆ ಇನ್ನೂ ಕೆಟ್ಟದ್ದು. ಮರಳುಗಲ್ಲಿನ ಚಕ್ರದ ಮುಂದೆ ಬಾಗಿ ಕೂತು ದಿನವಿಡೀ ಕಲ್ಲಿನ ಧೂಳು ಉಸಿರಾಡಿದವರು. ನೀರಿಲ್ಲದೆ ಒಣ ಸಾಣೆ ಹಿಡಿಯುತ್ತಿದ್ದ ಫೋರ್ಕಿನವರಂತೂ ನಡುವಯಸ್ಸು ಕಾಣುವ ಮುಂಚೆಯೇ ಹೋಗುತ್ತಿದ್ದರು. ಹರಿತ ಎಂದು ನಾವು ಹೊಗಳುವ ಅಂಚಿನ ಹಿಂದೆ ಈ ಶ್ವಾಸಕೋಶಗಳಿವೆ. ಹತ್ಯಾರು ಪ್ರೀತಿಸುವವರು ಇದನ್ನು ಬಿಟ್ಟು ಪ್ರೀತಿಸಬಾರದು.

1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಇಲ್ಲಿ ಚೂರಿ ಮಾಡುವವರ ಸಂಘ ಹುಟ್ಟಿತು. ಅದು ಪ್ರತಿ ಯಜಮಾನನಿಗೂ ಒಂದೊಂದು ಗುರುತು ದಾಖಲಿಸಿ ಕೊಡುತ್ತಿತ್ತು. ಒಬ್ಬನ ಗುರುತನ್ನು ಇನ್ನೊಬ್ಬ ಹೊಡೆಯುವಂತಿಲ್ಲ. ಆ ಅಚ್ಚುಗಳನ್ನು ಕೊರೆಯುವುದೇ ಇಲ್ಲಿ ಒಂದು ಪ್ರತ್ಯೇಕ ಕಸುಬು. ಗಾಜಿನ ಹಿಂದೆ ಅಚ್ಚುಗಳ ಸಾಲು ನೋಡುವಾಗ ನನ್ನ ಪೆಟ್ಟಿಗೆಯ ಉಳಿಗಳು ಕಣ್ಣಿಗೆ ಬಂದವು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ನಮ್ಮೂರ ಕುಲುಮೆಯಲ್ಲಿ ಬಡಿದು, ಕಾಸಿ, ನೀರು ಕುಡಿಸಿದವು. ಸಾಗರದ ಗುಡಿಗಾರರು ಶ್ರೀಗಂಧದಲ್ಲಿ ಬಳ್ಳಿಯ ಎಳೆ ಬಿಡಿಸುವುದು ಇಂಥ ಉಳಿಗಳಿಂದಲೇ. ಮಾರ್ಪಲ್ಸ್ ಉಳಿಗೆ ಅವು ಏನೂ ಕಡಿಮೆಯಲ್ಲ. ಒಂದರ ಮೇಲೂ ಮಾಡಿದವನ ಹೆಸರಿಲ್ಲ. ಹೆಸರು ಬೇಕೆಂದು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಂಜೆ ಡಾಂಕಾಸ್ಟರ್ ಬೀದಿಯಲ್ಲಿ 1848ರ ಕುಲುಮೆ ನೋಡಿದೆ. ಊರ ನಡುವೆ ಉಳಿದಿರುವ ಇಟ್ಟಿಗೆಯ ದೊಡ್ಡ ಶಂಕು. ಸ್ವೀಡನ್ನಿನ ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನ ಜೊತೆ ಕಲ್ಲಿನ ಪೆಟ್ಟಿಗೆಗಳಲ್ಲಿ ಮುಚ್ಚಿ ವಾರಗಟ್ಟಲೆ ಕಾಸಿ ಉಕ್ಕಾಗಿಸುತ್ತಿದ್ದ ಜಾಗ. ಕೊನೆಯ ಬೆಂಕಿ 1951ರಲ್ಲಿ.

ಶೆಫೀಲ್ಡ್, 9 ಜೂನ್, ಭಾನುವಾರ

ಊರ ದಕ್ಷಿಣಕ್ಕೆ ಶೀಫ್ ನದಿಯ ಬದಿಯಲ್ಲಿ ಅಬೀಡೇಲ್. ಕೆರೆ, ನೀರಿನ ಚಕ್ರಗಳು, ಅಂಗಳದ ಸುತ್ತ ಕಲ್ಲಿನ ಕೊಠಡಿಗಳು. ಉದ್ದ ಕಾವಿನ ಹುಲ್ಲುಗತ್ತಿ, ಅಂದರೆ ಸ್ಕೈತ್, ಇಲ್ಲಿ ಮೂಸೆಯಿಂದ ಹಿಡಿದು ಅಂಚಿನವರೆಗೂ ಒಂದೇ ಅಂಗಳದಲ್ಲಿ ತಯಾರಾಗುತ್ತಿತ್ತು. ಎರಡು ಕಬ್ಬಿಣದ ನಡುವೆ ಒಂದು ಉಕ್ಕಿನ ಪಟ್ಟಿ ಇಟ್ಟು, ನೀರು ಎತ್ತಿ ಬೀಳಿಸುವ ಸುತ್ತಿಗೆಯ ಕೆಳಗೆ ಬೆಸೆಯುತ್ತಿದ್ದರು. 1849ರಿಂದ ಕೆಲಸ ನಿಂತ 1930ರ ದಶಕದವರೆಗೆ ಟೈಜಾಕ್ ಮನೆತನ ಇದನ್ನು ನಡೆಸಿತು. ಅವರ ಗುರುತು ಆನೆ.

ನಾನು ಬಂದದ್ದು ಮೂಸೆಯ ಕುಲುಮೆಗಾಗಿ. ಬೆಂಜಮಿನ್ ಹಂಟ್ಸ್‌ಮನ್ ಗಡಿಯಾರ ಮಾಡುವವನು. ಸ್ಪ್ರಿಂಗಿಗೆ ಬೇಕಾದ ಏಕರೂಪದ ಉಕ್ಕು ಸಿಗದೆ 1740ರ ದಶಕದಲ್ಲಿ ತಾನೇ ಹುಡುಕಿಕೊಂಡ. ಇದ್ದಿಲಿನಲ್ಲಿ ಕಾಸಿದ ಉಕ್ಕನ್ನು ತುಂಡು ಮಾಡಿ, ಜೇಡಿಯ ಮೂಸೆಯಲ್ಲಿ ಮುಚ್ಚಿ, ಕೋಕ್ ಬೆಂಕಿಯಲ್ಲಿ ಪೂರ್ತಿ ನೀರಾಗಿಸಿ ಎರೆದ. ಶೆಫೀಲ್ಡಿನ ಚೂರಿಯವರು ಇದು ಬಲು ಗಟ್ಟಿ ಎಂದು ಮುಟ್ಟಲಿಲ್ಲ. ಅವನು ಫ್ರಾನ್ಸಿಗೆ ಮಾರಿದ. ಫ್ರೆಂಚ್ ಚೂರಿಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದು ಕೂತ ಮೇಲೆ ಇವರಿಗೆ ಬೇರೆ ದಾರಿ ಉಳಿಯಲಿಲ್ಲ.

ಮೂಸೆ ಮಾಡುವ ಕೋಣೆ ಮುಖ್ಯ. ನೆನೆಸಿದ ಜೇಡಿಯನ್ನು ನೆಲದ ಮೇಲೆ ಹರಡಿ ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ಗಾಳಿಗುಳ್ಳೆಯಾಗಲಿ ಸಣ್ಣ ಹರಳಾಗಲಿ ಉಳಿದಿದ್ದರೆ ಬೆಂಕಿಯಲ್ಲಿ ಮೂಸೆ ಸೀಳುತ್ತದೆ. ಅಂಗಾಲಿಗೆ ಸಿಗುವ ಸೂಕ್ಷ್ಮ ಕೈಗೂ ಇಲ್ಲ, ಯಂತ್ರಕ್ಕೂ ಇಲ್ಲ. ಹೀಗೆ ಮಾಡಿದ ಮೂಸೆ ಒಂದೇ ದಿನ, ಮೂರು ಸಲ ಬಳಕೆಗೆ ಬರುತ್ತಿತ್ತು, ಆಮೇಲೆ ಕಸ. ಸುಮಾರು 25 ಕಿಲೋ ಕರಗಿದ ಉಕ್ಕಿದ್ದ ಅದನ್ನು ನೆಲದ ಬಿಲದಿಂದ ಇಕ್ಕಳದಲ್ಲಿ ಮೇಲೆತ್ತುವವನು ಕಾಲಿಗೆ ಒದ್ದೆ ಗೋಣಿ ಸುತ್ತಿಕೊಂಡು ಬಿಲದ ಇಬ್ಬದಿಗೆ ಕಾಲು ಚಾಚಿ ನಿಲ್ಲುತ್ತಿದ್ದ. ಬಣ್ಣ ನೋಡಿ ಹದ ತಿಳಿಯುವುದು ಎರೆಯುವವನ ಕಣ್ಣು. ಉಷ್ಣಮಾಪಕ ಯಾವುದೂ ಇರಲಿಲ್ಲ.

ಈ ಕುಲುಮೆಯ ಮುಂದೆ ನಿಂತ ಕನ್ನಡಿಗನಿಗೆ ಇನ್ನೊಂದು ಮೂಸೆ ನೆನಪಾಗದೆ ಇರಲಾರದು. ಹಂಟ್ಸ್‌ಮನ್ನಿಗಿಂತ ಎಷ್ಟೋ ಶತಮಾನ ಮುಂಚೆ ದಕ್ಷಿಣ ಭಾರತದಲ್ಲಿ ಮೂಸೆಯುಕ್ಕು ತಯಾರಾಗುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ನಮ್ಮವರ ಮೂಸೆ ಚಿಕ್ಕದು. ಅದರೊಳಗೆ ಕಬ್ಬಿಣದ ತುಂಡು, ತಂಗಡಿಯ ಕಟ್ಟಿಗೆ ಚೂರು, ಹಸಿರೆಲೆ, ಮೇಲೆ ಮಣ್ಣಿನ ಬಿರಡೆ. ಅವರು ಎರೆಯುತ್ತಿರಲಿಲ್ಲ. ಮೂಸೆಯೊಳಗೇ ನಿಧಾನ ಆರಲು ಬಿಟ್ಟು, ಆಮೇಲೆ ಒಡೆದು ಗಟ್ಟಿಯನ್ನು ತೆಗೆಯುತ್ತಿದ್ದರು. ಡಮಾಸ್ಕಸ್ಸಿನ ಕತ್ತಿಗಳ ಅಲೆಯಂಥ ಗೆರೆ ಹುಟ್ಟಿದ್ದು ಇಂಥ ಉಕ್ಕಿನಿಂದ. ಇವತ್ತು ಇಲ್ಲಿ ಹಂಟ್ಸ್‌ಮನ್ನಿನ ಹೆಸರು, ಕಸುಬು, ಅವನು ವಾಸವಿದ್ದ ಹಳ್ಳಿ ಎಲ್ಲ ಓದಿದೆ. ನಮ್ಮ ಮೂಸೆಯವರಲ್ಲಿ ಒಬ್ಬನ ಹೆಸರಾದರೂ ನಾನು ಎಲ್ಲಿಯೂ ಓದಿಲ್ಲ. ಕೋಣೆಗೆ ಬಂದ ಮೇಲೂ ಇದು ಮನಸ್ಸಿನಿಂದ ಇಳಿಯಲಿಲ್ಲ, ಊಟ ಸೇರಲಿಲ್ಲ.

ಡರ್ಬಿ, 15 ಜೂನ್, ಶನಿವಾರ

ಮಗಳು, ಅಳಿಯ, ಮೊಮ್ಮಗನ ಜೊತೆ ಐರನ್‌ಬ್ರಿಜ್. ಸೆವರ್ನ್ ನದಿಯ ಮೇಲೆ 1779ರಲ್ಲಿ ಎತ್ತಿ ನಿಲ್ಲಿಸಿದ ಎರಕದ ಕಬ್ಬಿಣದ ಸೇತುವೆ, ಮೂರನೆಯ ಏಬ್ರಹಾಂ ಡಾರ್ಬಿ ಸಾಲ ಮಾಡಿ ಕಟ್ಟಿದ್ದು. 1781ರ ಹೊಸವರ್ಷದ ದಿನ ಸಂಚಾರಕ್ಕೆ ತೆರೆಯಿತು. ಈಚೆಗೆ ಅದರ ಮೊದಲಿನ ಗಾಢ ಕೆಂಪು ಬಣ್ಣವನ್ನೇ ಮತ್ತೆ ಬಳಿದಿದ್ದಾರೆ. ಹಸಿರು ಕಣಿವೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಎಲ್ಲರೂ ಮೇಲೆ ನಡೆದಾಡುತ್ತಿದ್ದರೆ ನಾನು ಕೆಳಗಿಳಿದು ಕಮಾನಿನ ಅಡಿಗೆ ಹೋದೆ. ಕಬ್ಬಿಣದಲ್ಲಿ ಇಷ್ಟು ದೊಡ್ಡದನ್ನು ಅದಕ್ಕೆ ಮೊದಲು ಯಾರೂ ಕಟ್ಟಿರಲಿಲ್ಲ. ಹಾಗಾದರೆ ತುಂಡುಗಳನ್ನು ಜೋಡಿಸುವುದು ಹೇಗೆ? ಅವರಿಗೆ ಗೊತ್ತಿದ್ದದ್ದು ಮರಗೆಲಸ. ಕಬ್ಬಿಣದಲ್ಲೇ ಮಾರ್ಟಿಸಿನ ತೂತು, ಅದರೊಳಗೆ ನುಗ್ಗುವ ಟೆನನ್, ಹೊರಗೆ ಜಾರದಂತೆ ಅಗಲವಾಗುವ ಡವ್‌ಟೇಲ್, ಬಿಗಿಗೆ ಬೆಣೆ. ಬಡಗಿಯ ಜೋಡಣೆಗಳನ್ನೆಲ್ಲ ಎರಕದಲ್ಲಿ ಇಳಿಸಿದ್ದಾರೆ. 30 ಮೀಟರು ಹರವಿನ ಕಮಾನು ಬಡಗಿಯ ಲೆಕ್ಕದಲ್ಲಿ ನಿಂತಿದೆ. ಮೊಮ್ಮಗನಿಗೆ ತೋರಿಸಿದೆ. ಅವನು ಒಂದು ಬೆಣೆಯನ್ನು ಕಂಡುಹಿಡಿದು, ಆಮೇಲೆ ಎಲ್ಲ ಬೆಣೆಗಳನ್ನೂ ಎಣಿಸುವವರೆಗೆ ಹೊರಡಲಿಲ್ಲ.

16 ಜೂನ್, ಭಾನುವಾರ

ಇವತ್ತಿನ ಬೂಟ್ ಸೇಲಿನಲ್ಲಿ ಆನೆ ಸಿಕ್ಕಿತು! ಪ್ಲಾಸ್ಟರು ಮೆತ್ತಿದ ಕೈಗರಗಸ, ಉದ್ದ 26 ಇಂಚು. ಹಿಡಿಯ ಹಿತ್ತಾಳೆ ಬಿಲ್ಲೆಯ ಕೊಳೆ ಒರೆಸಿದರೆ ಟೈಜಾಕ್‌ನ ಆನೆ. ಕಳೆದ ಭಾನುವಾರ ಆ ಮನೆತನದ ಅಂಗಳದಲ್ಲಿ ನಿಂತಿದ್ದೆ. ತಟ್ಟಿದರೆ ಗಂಟೆಯಂತೆ ದನಿ ಕೊಡುತ್ತದೆ, ಬಗ್ಗಿಸಿ ಬಿಟ್ಟರೆ ನೆಟ್ಟಗಾಗುತ್ತದೆ. ಹಲ್ಲು ಮಾತ್ರ ಸವೆದು ಹಸುವಿನ ಹಲ್ಲಿನಂತಾಗಿದೆ. ಮೂರು ಪೌಂಡ್ ಕೊಟ್ಟೆ. ಇನ್ನೂ ಕೊಡಲು ತಯಾರಿದ್ದೆ.

ಲಂಡನ್, 19 ಜೂನ್, ಬುಧವಾರ

ತಮ್ಮನ ಮಗನ ಮನೆಯಲ್ಲಿ ಬಿಡಾರ. ಸೈನ್ಸ್ ಮ್ಯೂಸಿಯಮ್ಮಿನಲ್ಲಿ ಪೋರ್ಟ್ಸ್‌ಮತ್ ಬಂದರಿನ ರಾಟೆ ಮಾಡುವ ಯಂತ್ರಗಳನ್ನು ನೋಡಿದೆ. ಹಾಯಿಹಗ್ಗ ಎಳೆಯುವ ಮರದ ರಾಟೆ ಒಂದೊಂದು ಯುದ್ಧನೌಕೆಗೂ ಸುಮಾರು ಸಾವಿರ ಬೇಕು. ಮಾರ್ಕ್ ಬ್ರುನೆಲ್ ಯೋಚಿಸಿ, ಹೆನ್ರಿ ಮಾಡ್ಸ್‌ಲೆ ಕಟ್ಟಿದ ಈ ಯಂತ್ರಗಳು 1800ರ ದಶಕದಲ್ಲಿ ಓಡತೊಡಗಿದ ಮೇಲೆ, 110 ಕುಶಲಕರ್ಮಿಗಳು ಮಾಡುತ್ತಿದ್ದುದನ್ನು ಕಸುಬು ಕಲಿಯದ 10 ಜನ ಮಾಡಿ ಮುಗಿಸಿದರು. ಯಂತ್ರ ಸುಂದರವಾಗಿದೆ, ಅದನ್ನು ಮುಚ್ಚಿಡಲಾರೆ. ಆ ಕುಶಲಕರ್ಮಿಗಳ ಉಳಿ, ಬೈರಿಗೆಗಳನ್ನು ಯಾರು ಕೊಂಡರು ಎಂದು ಕೇಳಿಕೊಂಡೇ ಮುಂದೆ ಹೋದೆ.

ಮಧ್ಯಾಹ್ನ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್. ನೆಲಮಾಳಿಗೆಯಲ್ಲಿ ಮೈಕೇಲ್ ಫ್ಯಾರಡೆಯ ಪ್ರಯೋಗಾಲಯ. ವಿದ್ಯುತ್ತಿನ ಫ್ಯಾರಡೆ ಎಲ್ಲರಿಗೂ ಗೊತ್ತು. ಅವನು ಕಮ್ಮಾರನ ಮಗ. ವಿದ್ಯುತ್ತಿಗೆ ಹೆಸರಾಗುವ ಮೊದಲು ಅವನು ಕೈಹಾಕಿದ್ದು ನಮ್ಮ ಮೂಸೆಯುಕ್ಕಿಗೆ. 1794ರಲ್ಲಿ ಮುಂಬೈಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಆ ಉಕ್ಕಿನ ಮಾದರಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಲಂಡನ್ನಿನ ಚೂರಿಗಾರ ಜೇಮ್ಸ್ ಸ್ಟೋಡಾರ್ಟ್ ಅದರಿಂದ ಅಲಗು ಬಡಿದು, ಇಂಥ ಅಂಚು ಬೇರೆ ಉಕ್ಕಿಗಿಲ್ಲ ಎಂದು ಕಂಡುಕೊಂಡ. 1819ರಲ್ಲಿ ಫ್ಯಾರಡೆ ಅದನ್ನು ಪರೀಕ್ಷಿಸಿ ಬರೆದ. ಮುಂದೆ ಇಬ್ಬರೂ ಸೇರಿ ಅದನ್ನು ಸರಿಗಟ್ಟಲು ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ಏನೇನೋ ಬೆರೆಸಿ ನೋಡಿದರು. ಆ ತುಣುಕುಗಳ ಒಂದು ಪೆಟ್ಟಿಗೆ ಈ ಕಟ್ಟಡದಲ್ಲೇ ಉಳಿದು, ನೂರು ವರ್ಷದ ಮೇಲೆ ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಅದರ 79 ಮಾದರಿಗಳನ್ನು ಪರೀಕ್ಷಿಸಿ 1931ರಲ್ಲಿ ಪುಸ್ತಕ ತಂದ. ಮಿಶ್ರ ಉಕ್ಕಿನ ಶಾಸ್ತ್ರಕ್ಕೆ ಮೊದಲ ಹೆಜ್ಜೆ ಎಂದು ಇದನ್ನು ಕರೆಯುತ್ತಾರೆ. ಕಳಿಸಿದವನು, ಬಡಿದವನು, ಪರೀಕ್ಷಿಸಿದವನು, ನೂರು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದವನು, ಎಲ್ಲರೂ ಹೆಸರಿನ ಸಮೇತ ಇದ್ದಾರೆ.

20 ಜೂನ್, ಗುರುವಾರ

ರೈಲಿನಲ್ಲಿ ಕೆಂಟ್ ಸೀಮೆಯ ರಾಚೆಸ್ಟರಿಗೆ. ಕ್ಯಾಥೆಡ್ರಲ್, ಕೋಟೆ ಎರಡೂ ಎದುರಿಗೇ ಇವೆ. ಸುತ್ತು ಹಾಕಿದೆ. ಬಂದದ್ದು ಗಿಲ್ಡ್‌ಹಾಲ್ ಮ್ಯೂಸಿಯಮ್ಮಿನ ಒಂದು ಪೆಟ್ಟಿಗೆಗಾಗಿ.

ಬೆಂಜಮಿನ್ ಸೀಟನ್ ಎಂಬ ತರುಣನಿಗೆ ಅವನ ತಂದೆ 1796ರ ಕೊನೆಯಲ್ಲಿ ಹತ್ಯಾರುಗಳ ಪೂರ್ತಿ ಕಟ್ಟು ಕೊಡಿಸಿದ. ಹತ್ತರಿಗಳು ಲಂಡನ್ನಿನ ಗೇಬ್ರಿಯಲ್ ಅಂಗಡಿಯವು, ಗರಗಸಗಳು ಶೆಫೀಲ್ಡಿನ ಕೆನ್ಯನ್ ಮಾಡಿದವು. 1797ರಲ್ಲಿ ಮಗ ಅವುಗಳಿಗೆಂದೇ ಈ ಪೆಟ್ಟಿಗೆ ಮಾಡಿ, ಒಂದೊಂದರ ಪಟ್ಟಿಯನ್ನೂ ಬೆಲೆ ಸಮೇತ ಬರೆದಿಟ್ಟ. ಹೊರಗಿನಿಂದ ಸಾದಾ ಪೆಟ್ಟಿಗೆ. ಮುಚ್ಚಳ ತೆರೆದರೆ ಒಳಗೆ ಜಾರುವ ಅರೆಗಳು, ಬಣ್ಣಬಣ್ಣದ ಮರದ ತೆಳುಹೊದಿಕೆ. ಈ ಕೆಲಸ ಮಾಡಬಲ್ಲ ಕೈ ಇನ್ನೇನನ್ನು ಬೇಕಾದರೂ ಮಾಡಬಲ್ಲದು.

ಆದರೆ ಹತ್ಯಾರುಗಳು ಹೆಚ್ಚುಕಡಿಮೆ ಬಳಕೆಯಾಗದೆ ಉಳಿದವು. ಅದಕ್ಕೇ ಇವತ್ತು ಅವು ಅಮೂಲ್ಯ. 18ನೇ ಶತಮಾನದ ಗರಗಸದ ಹಲ್ಲು ಹುಟ್ಟಿದಾಗ ಹೇಗಿತ್ತು ಎಂದು ಈಗಿನ ಗರಗಸ ತಯಾರಕರು ಅಳೆದು ನೋಡುವುದು ಇಲ್ಲಿಯೇ. ವಿದ್ವಾಂಸರಿಗೆ ಅದು ಭಾಗ್ಯ, ಒಪ್ಪುತ್ತೇನೆ. ನನಗೆ ಮಾತ್ರ ಅದರ ಮುಂದೆ ನಿಂತಾಗ ಎದೆ ಭಾರವಾಯಿತು. ಸಾಣೆ ಹಿಡಿದು ಹಿಡಿದು ಹೆಬ್ಬೆರಳಿನಷ್ಟಾಗಿ ಉಳಿದ ಉಳಿಯನ್ನು ನೋಡಿದಾಗ ಆಗುವ ಸಂತೋಷ ಈ ಪರಿಪೂರ್ಣ ಉಳಿಗಳಲ್ಲಿ ಇಲ್ಲ.

21 ಜೂನ್, ಶುಕ್ರವಾರ

ಪೋರ್ಟ್ಸ್‌ಮತ್. ಎಂಟನೆಯ ಹೆನ್ರಿಯ ಹಡಗು ಮೇರಿ ರೋಸ್ 1545ರ ಜುಲೈನಲ್ಲಿ ರಾಜನ ಕಣ್ಣೆದುರೇ ಮುಳುಗಿತು. 1982ರಲ್ಲಿ ಅದರ ಅರ್ಧ ಒಡಲನ್ನು ಕೆಸರಿನಿಂದ ಎತ್ತಿದರು. ಹಡಗಿನ ಬಡಗಿಗಳ ಕೋಣೆ ಹತ್ಯಾರಿನ ಪೆಟ್ಟಿಗೆಗಳ ಸಮೇತ ಸಿಕ್ಕಿತು.

ಅದನ್ನು ನೋಡಿದ ಮೇಲೆ ಬೇರೆ ಯಾವುದನ್ನೂ ನೋಡಬೇಕೆನಿಸಲಿಲ್ಲ. ಹತ್ತರಿಗಳಿವೆ, ಬಾಯಲ್ಲಿ ಅಲಗಿಲ್ಲ. ಕೊಡಲಿಯ ಕಾವಿದೆ, ಕೊಡಲಿಯಿಲ್ಲ. ಉಪ್ಪುನೀರು ಕಬ್ಬಿಣವನ್ನೆಲ್ಲ ತಿಂದು, ಕೆಸರು ಮರವನ್ನು ಕಾಪಾಡಿದೆ. ಬೂಟ್ ಸೇಲಿನಲ್ಲಿ ನಾನು ಎತ್ತಿಕೊಳ್ಳುವುದು ಇದಕ್ಕೆ ತಿರುಗುಮುರುಗು: ಅಲ್ಲಿ ಹಿಡಿ ಹುಳು ಹಿಡಿದು ಹೋಗಿರುತ್ತದೆ, ಉಕ್ಕು ಉಳಿದಿರುತ್ತದೆ. ಹತ್ತರಿಯ ಆಕಾರ ಮಾತ್ರ ನನ್ನ ವಾರ್ವಿಲ್ಲಿಗೆ ಹತ್ತಿರದ್ದೇ, ಕೈಗೆ ಕೊಟ್ಟರೆ ಈಗಲೂ ನೂಕಬಲ್ಲೆ.

ಬಡಗಿಗಳ ಕೋಣೆಯಲ್ಲಿ ಪಗಡೆಯಂಥ ಆಟದ ಹಲಗೆಯೊಂದು ಸಿಕ್ಕಿದೆ, ಕೆಲಸವಿಲ್ಲದಾಗ ಆಡಲು. ಕೋಣೆಯ ಬಾಗಿಲ ಬಳಿ ಒಂದು ನಾಯಿಯ ಅಸ್ಥಿಪಂಜರ. ಹಡಗಿನವರು ತಮ್ಮ ಮರದ ಊಟದ ಬಟ್ಟಲುಗಳ ಮೇಲೆ ಗುರುತು ಗೀಚಿಕೊಂಡಿದ್ದಾರೆ, ಕೆಲವರು ಅಕ್ಷರ, ಕೆಲವರು ಬರೀ ಗೆರೆ. ಹಾಗಾದರೆ ಹೆಸರು ಹಾಕಲು ಅಕ್ಷರವೇ ಬೇಕೆಂದಿಲ್ಲ, ಸಂಘವೂ ಕಾಯ್ದೆಯೂ ಬೇಕಿಲ್ಲ. ಇದು ನನ್ನದು ಎನ್ನುವ ಮನಸ್ಸು, ಅದನ್ನು ಒಪ್ಪುವ ಅಕ್ಕಪಕ್ಕದವರು ಸಾಕು. ಊರಿಗೆ ಹೋದಮೇಲೆ ಮೊದಲು ಕುಲುಮೆಗೆ ಹೋಗಿ ಕಮ್ಮಾರನ ಜೊತೆ ಮಾತಾಡಬೇಕು. ಅವನ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ, ಉಲ್ಟಾ ತಿದ್ದಿ, ಅಚ್ಚು ಮಾಡುವುದು ಕಷ್ಟವಲ್ಲ. ಅರದಿಂದ ನಾನೇ ಮಾಡಿಕೊಡಬಲ್ಲೆ. ಉಳಿಗೆ ಹದ ಹಾಕುವ ಮುಂಚೆ, ಕಬ್ಬಿಣ ಕೆಂಪಗಿರುವಾಗ ಒಂದು ಪೆಟ್ಟು. ಅವನು ಒಪ್ಪಿದರೆ, ಅವನ ತಂದೆ ಬಡಿದ ನನ್ನ ಹಳೆಯ ಉಳಿಗಳಿಗೆ ತಂದೆಯ ಅಕ್ಷರವನ್ನೂ ಕೊರೆಸಬೇಕು.

ಡರ್ಬಿ, 25 ಜೂನ್, ಮಂಗಳವಾರ

ಸಾಮಾನು ಕಟ್ಟುವುದು ಶುರು. ಅಲಗು ಇರುವುದೆಲ್ಲ ಚೆಕ್‌ಇನ್ ಪೆಟ್ಟಿಗೆಗೆ, 23 ಕಿಲೋ ಮೀರುವಂತಿಲ್ಲ. ಉಳಿಗಳ ಬಾಯಿಗೆ ಹಳೇ ರಬ್ಬರ್ ಕೊಳವೆ ತೊಡಿಸಿ, ಬಟ್ಟೆ ಸುತ್ತಿದೆ. ವಾರ್ವಿಲ್ ಹತ್ತರಿಯ ಅಲಗು ಬೇರೆ, ಮೈ ಬೇರೆ. ಬೀಚ್ ಮರ ಮಲೆನಾಡಿನ ಮಳೆಗಾಲ ಕಂಡಿಲ್ಲ, ಉಬ್ಬಬಹುದು. ಮೊದಲ ವರ್ಷ ಬೆಣೆಯನ್ನು ಬಿಗಿಯದೆ ಇಟ್ಟು, ಆಮೇಲೆ ತಳ ಮಟ್ಟ ಮಾಡಿಕೊಳ್ಳಬೇಕು. ಮಾರ್ಪಲ್ಸ್ ಮಾರ್ಟಿಸ್ ಉಳಿ ನನ್ನ ಹಳೆಯ ವಿದ್ಯಾರ್ಥಿಗೆ. ಅವನು ಇನ್ನೂ ಬಾಗಿಲ ಚೌಕಟ್ಟಿನ ತೂತುಗಳನ್ನು ಕೈಯಲ್ಲೇ ತೋಡುತ್ತಾನೆ.

ಆನೆ ಗರಗಸ ಪೆಟ್ಟಿಗೆಗೆ ಹಿಡಿಸಲಿಲ್ಲ, ಇಲ್ಲೇ ಇರಲಿ. ಎರಡು ಹಲಗೆಗಳ ನಡುವೆ ಅದನ್ನು ಬಿಗಿದು, ತ್ರಿಕೋನದ ಅರದಿಂದ ಹಲ್ಲು ತಿದ್ದಿದೆ. ಮೊದಲು ಹಲ್ಲಿನ ತುದಿಗಳೆಲ್ಲ ಒಂದೇ ಎತ್ತರಕ್ಕೆ, ಆಮೇಲೆ ಒಂದು ಬಿಟ್ಟು ಒಂದಕ್ಕೆ ಅರ, ಗರಗಸ ತಿರುಗಿಸಿ ಉಳಿದವಕ್ಕೆ. ಕೊನೆಗೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಕೂದಲೆಳೆಯಷ್ಟು ಬಾಗಿಸಿದ್ದು. ಮಗಳು ಅರ್ಧದಲ್ಲಿ ಬಂದು ಕೈಯಿಂದ ಅರ ತೆಗೆದುಕೊಂಡಳು. ಹಾಸ್ಟೆಲಿಗೆ ಹೋಗುವ ಮುಂಚೆ ಸಾಗರದ ಮನೆಯ ಜಗಲಿಯಲ್ಲಿ ಕಲಿತದ್ದನ್ನು ಮರೆತಿಲ್ಲ. ಅರವನ್ನು ಮುಂದಕ್ಕೆ ಮಾತ್ರ ನೂಕಬೇಕು, ವಾಪಸು ಬರುವಾಗ ಎತ್ತಬೇಕು ಎನ್ನುವುದನ್ನು ನಾನು ಹೇಳಬೇಕಾಗಲಿಲ್ಲ.

ಹಿತ್ತಿಲ ಬೇಲಿಯ ಹಲಗೆಗಳು ಕೊಳೆತಿವೆ. ಸಂಜೆ ಒಂದು ಬದಿಯದನ್ನು ಆ ಗರಗಸದಿಂದಲೇ ಕತ್ತರಿಸಿ ಹಾಕಿದೆವು. ಇನ್ನೊಂದು ಬದಿ ನಾಳೆ ಬೆಳಗ್ಗೆ. ಮೊಮ್ಮಗ ಹಲಗೆಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಇಟ್ಟಿದ್ದಾನೆ.